ಕೂಲರ್ ಕೈಕೊಡುವ ದಿನಗಳು

ಕಲಬುರಗಿಯಲ್ಲಿ ಬೇಸಿಗೆ ಮುಗಿಯುತ್ತಾ ಬಂತು ಅಂತ ನನಗೆ ಮೊದಲು ಹೇಳುವುದು ಕೂಲರ್. ಮಾರ್ಚ್‌ನಿಂದ ಕಿಟಕಿಗೆ ಬೆನ್ನು ಕೊಟ್ಟು ಗರ್ ಅಂತ ತಿರುಗುತ್ತಾ, ಬಕೆಟ್‌ಗಟ್ಟಲೆ ನೀರು ಕುಡಿದು ನಮ್ಮನ್ನು ಕಾಪಾಡಿದ ಆ ತಗಡಿನ ಡಬ್ಬಿ ಮೇ ಕೊನೆಯ ಹೊತ್ತಿಗೆ ಸುಮ್ನೆ ಕೈಕೊಡುತ್ತದೆ. ಮೋಟರ್ ಸರಿ ಇರುತ್ತದೆ. ಪಂಪ್ ನೀರು ಎತ್ತುತ್ತಿರುತ್ತದೆ. ಹುಲ್ಲಿನ ಪ್ಯಾಡ್ ಪೂರ್ತಿ ತೊಯ್ದಿರುತ್ತದೆ. ಗಾಳಿಯೂ ಬರುತ್ತದೆ, ತಂಪು ಮಾತ್ರ ಇಲ್ಲ. ಬನಿಯನ್ ಮೈಗೆ ಅಂಟುತ್ತದೆ. ಪೇಪರ್ ಮೆತ್ತಗಾಗುತ್ತದೆ. ಡಬ್ಬಿಯೊಳಗಿನ ಉಪ್ಪು ನೀರೊಡೆಯುತ್ತದೆ. ಓಣಿಯಲ್ಲಿ ಯಾರಾದರೂ ಒಬ್ಬರು ಮೆಕ್ಯಾನಿಕ್‌ನನ್ನು ಕರೆಸಿಯೇ ಕರೆಸುತ್ತಾರೆ. ಅವನು ಹಿಂದಿನ ಜಾಳಿಗೆ ಬಿಚ್ಚಿ ನೋಡಿ, "ಮಷೀನ್ ಛಲೋ ಅದರಿ, ಹವಾ ಬದಲಾಗ್ಯದ" ಅಂದು ಹೋಗುತ್ತಾನೆ. ಪಾಪ, ದುಡ್ಡೂ ತಗೊಳ್ಳುವುದಿಲ್ಲ.

ಅವನು ಹೇಳುವುದು ಸರಿ. ಕೂಲರ್ ತಂಪು ಮಾಡುವುದು ನೀರು ಆರುವುದರಿಂದ. ಗಾಳಿ ಎಷ್ಟು ಒಣಗಿರುತ್ತದೋ ನೀರು ಅಷ್ಟು ಬೇಗ ಆರುತ್ತದೆ, ಆರುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 42 ಡಿಗ್ರಿ ಬಿಸಿಲು, ತೇವಾಂಶ ಶೇ 15 ಅಂದುಕೊಳ್ಳಿ. ಆ ಗಾಳಿಯಲ್ಲಿ ಹಿಡಿದ ಒದ್ದೆ ಬಟ್ಟೆ ಲೆಕ್ಕದ ಪ್ರಕಾರ 22 ಡಿಗ್ರಿ ತನಕ ಇಳಿಯಬಹುದು. ಕೂಲರ್ ಪೂರ್ತಿ ಅಷ್ಟು ಇಳಿಸುವುದಿಲ್ಲ, ಆದರೂ ಆ 20 ಡಿಗ್ರಿಯಲ್ಲಿ ದೊಡ್ಡ ಪಾಲು ನಮಗೆ ಸಿಗುತ್ತದೆ. ಮೇ ಕೊನೆಗೆ ಹೊರಗಿನ ಬಿಸಿ 36ಕ್ಕೆ ಇಳಿದು, ತೇವಾಂಶ ಶೇ 50ಕ್ಕೆ ಏರಿತು ಅನ್ನಿ. ಈಗ ಅದೇ ಬಟ್ಟೆ 27ರ ಕೆಳಗೆ ಹೋಗುವುದೇ ಇಲ್ಲ. ಬಿಸಿಲು ಕಮ್ಮಿಯಾಗಿದೆ, ಸೆಕೆ ಜಾಸ್ತಿಯಾಗಿದೆ. ನಮ್ಮೂರಿನವರು ಇದಕ್ಕೆ "ಕುದಿ" ಅನ್ನುತ್ತಾರೆ. ವರ್ಷದಲ್ಲಿ ಅತಿ ಕೆಟ್ಟ ದಿನಗಳು ಯಾವುವು ಅಂತ ಕೇಳಿದರೆ ನಾನು 43 ಡಿಗ್ರಿಯ ಏಪ್ರಿಲ್ ಹೇಳುವುದಿಲ್ಲ. ಈ ಕುದಿಯ ವಾರಗಳನ್ನು ಹೇಳುತ್ತೇನೆ.

ಏಪ್ರಿಲ್ ಬಿಸಿಲಿಗೆ ನಾವು ಹೇಗೋ ಒಗ್ಗಿಕೊಂಡಿದ್ದೇವೆ. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆಯ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ಹೊಟ್ಟೆಕಿಚ್ಚು ಪಡುತ್ತಾರೆ. ಒಂದೂವರೆಗೆ ಕಚೇರಿ ಬಿಟ್ಟು ಬೈಕಿನ ಸೀಟಿನ ಮೇಲೆ ಕೂತು ನೋಡಿ ಅಂತ ನಾನು ಹೇಳುತ್ತೇನೆ. ಎರಡರಿಂದ ಐದರವರೆಗೆ ಸೂಪರ್ ಮಾರ್ಕೆಟ್ ರಸ್ತೆ ಕೂಡ ಖಾಲಿ. ತಲೆಗೆ ಬಿಳಿ ಟವೆಲ್ ಸುತ್ತಿಕೊಂಡ ಆಟೋದವರು ಬೇವಿನ ಮರದ ಕೆಳಗೆ ಹಿಂದಿನ ಸೀಟಿನಲ್ಲಿ ಮಲಗಿರುತ್ತಾರೆ. ಮನೆಯಿಂದ ಹೊರಡುವಾಗ ಜೇಬಿಗೆ ಉಳ್ಳಾಗಡ್ಡಿ ಹಾಕಿ ಕಳಿಸುವ ಅಜ್ಜಿಯಂದಿರು ಇನ್ನೂ ಇದ್ದಾರೆ. ಉಳ್ಳಾಗಡ್ಡಿಯಿಂದ ಏನಾಗುತ್ತದೋ ಬಿಡುತ್ತದೋ, ಅದರ ಜೊತೆ ಕುಡಿಸುವ ಮಜ್ಜಿಗೆಯಿಂದ ಖಂಡಿತ ಉಪಯೋಗವಿದೆ.

ಮನೆಗಳದ್ದು ಇನ್ನೊಂದು ಕಥೆ. ಇಲ್ಲಿ ನೆಲಕ್ಕೂ ಶಹಾಬಾದ್ ಕಲ್ಲು, ಹಳೆ ಮನೆಗಳಲ್ಲಿ ಚಾವಣಿಗೂ ಅದೇ. ನಾವು ಫರ್ಸಿ ಅನ್ನುತ್ತೇವೆ. ನೆಲದಲ್ಲಿದ್ದಾಗ ಈ ಸುಣ್ಣದ ಕಲ್ಲಿನಷ್ಟು ಒಳ್ಳೆಯದು ಬೇರೊಂದಿಲ್ಲ, ಮಧ್ಯಾಹ್ನ ನೀರು ಚಿಮುಕಿಸಿ ಒರೆಸಿ ಬರಿಮೈಯಲ್ಲಿ ಮಲಗಿದರೆ ಸಾಕು. ಅದೇ ಕಲ್ಲು ತಲೆಯ ಮೇಲಿದ್ದರೆ ಹಗಲಿಡೀ ನುಂಗಿದ ಬಿಸಿಯನ್ನು ರಾತ್ರಿ ಎರಡರ ತನಕ ಕೆಳಗೆ ಬಿಡುತ್ತದೆ. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆ ಹತ್ತಿ ಮಲಗುವುದು ಇದಕ್ಕೇ. ಹಳಬರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಅಂಗಳವೇ ಇಲ್ಲ. ಇಡೀ ಜಾಗ ಗುಮ್ಮಟಗಳ ಕೆಳಗಿದೆ. ಯಾಕೆ ಹಾಗೆ ಕಟ್ಟಿದರು ಅನ್ನುವುದಕ್ಕೆ ಪಂಡಿತರು ಏನೇನೋ ಹೇಳಬಹುದು. ಮೇ ತಿಂಗಳ ಮಧ್ಯಾಹ್ನ ಆ ಕಮಾನುಗಳ ನೆರಳಲ್ಲಿ ನಿಂತವನಿಗೆ ಕಾರಣ ಕೇಳಬೇಕು ಅನಿಸುವುದಿಲ್ಲ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ರಾಜಧಾನಿಯನ್ನೇ ಕಲಬುರಗಿಯಿಂದ ಬೀದರಿಗೆ ಒಯ್ದ. ಬೀದರ್ ನಮಗಿಂತ 200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ, ಬಿಸಿಲು ಒಂದೆರಡು ಡಿಗ್ರಿ ಕಮ್ಮಿ. ರಾಜಕೀಯ ಕಾರಣಗಳೂ ಇದ್ದವು ಅಂತಾರೆ. ಇರಬಹುದು ಬಿಡಿ.

ಈ ಬಿಸಿಲಿನ ನಡುವೆಯೇ ಗುಡುಗಿನ ಮಳೆ ಬರುತ್ತದೆ. ಮಾರ್ಚ್‌ನಲ್ಲಿ ಒಂದೆರಡು, ಏಪ್ರಿಲ್‌ನಲ್ಲಿ ಇನ್ನಷ್ಟು, ಮೇನಲ್ಲಿ ಅದಕ್ಕೂ ಜಾಸ್ತಿ. ಮಳೆಗಾಲದ ಲೆಕ್ಕಕ್ಕೆ ಸೇರದ ಈ ಮಳೆಗೆ ನಮ್ಮ ಕಡೆ ಅಡ್ಡಮಳೆ ಅಂತ ಹೆಸರು. ಪೇಟೆಯಲ್ಲಿರುವ ನಮಗೆ ಇದೊಂದು ಹಬ್ಬ.

ಒಂದು ಸಂಜೆಯದನ್ನು ಹತ್ತಿರದಿಂದ ಹೇಳುತ್ತೇನೆ. ನಾಲ್ಕು ಗಂಟೆ ಸುಮಾರು. ನಾನು ಮಾಳಿಗೆ ಮೇಲೆ ಒಣಗಿಸಿದ್ದ ಶಾಂಡಿಗೆ ಎತ್ತಿಡಲು ಹೋಗಿದ್ದೆ. ಗಾಳಿ ಒಂಚೂರೂ ಇರಲಿಲ್ಲ, ಬೇವಿನ ಎಲೆ ಅಲ್ಲಾಡುತ್ತಿರಲಿಲ್ಲ. ದಕ್ಷಿಣಕ್ಕೆ, ಜೇವರ್ಗಿ ಕಡೆ, ಮೋಡದ ಬುಡ ಕಪ್ಪಾಗಿತ್ತು. ತುದಿ ಮಾತ್ರ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಕೆಳಗೆ ಕೆಂಪು ಬಣ್ಣದ ಗೋಡೆಯೊಂದು ಎದ್ದು ಬರುತ್ತಿತ್ತು. ಧೂಳು. ಮೊದಲು ದೂರದ ಕಟ್ಟಡಗಳು ಕಾಣದಾದವು, ಆಮೇಲೆ ಹತ್ತಿರದ ನೀರಿನ ಟ್ಯಾಂಕು. ಆಗ ಮೈಗೆ ತಣ್ಣನೆ ಗಾಳಿ ಬಡಿಯಿತು. ಬಿಸಿ ಗಾಳಿಯಲ್ಲಿ ನಿಂತವನ ಎದೆಗೆ ಒಮ್ಮೆಲೇ ಆ ತಂಪು ತಾಗಿದಾಗ ಬಾಯಿಂದ ಏನೋ ಒಂದು ಶಬ್ದ ತಾನಾಗಿ ಬರುತ್ತದೆ. ಪಕ್ಕದ ಮಾಳಿಗೆಯವರೂ ಅದೇ ಶಬ್ದ ಮಾಡಿದ್ದು ಕೇಳಿಸಿತು. ಒಂದು ಸೀರೆ ತಂತಿಯಿಂದ ಕಿತ್ತುಕೊಂಡು ಹಾರಿತು. ಯಾರದೋ ತಗಡು ದಬದಬ ಬಡಿಯಿತು. ಕರೆಂಟ್ ಹೋಯಿತು. ಆಮೇಲೆ ಹನಿ ಬಿತ್ತು. ಒಂದೊಂದು ಹನಿಯೂ ರೂಪಾಯಿ ನಾಣ್ಯದಗಲ, ಬಿಸಿ ಫರ್ಸಿಯ ಮೇಲೆ ಬಿದ್ದು ಕಣ್ಣೆದುರೇ ಆರಿಹೋಗುತ್ತಿತ್ತು. ಕಲ್ಲು ಪೂರ್ತಿ ಕಪ್ಪಾಗುವಷ್ಟರಲ್ಲಿ ನಾನು ತೊಯ್ದು ತೊಪ್ಪೆಯಾಗಿದ್ದೆ. ಶಾಂಡಿಗೆಯೂ ಅಷ್ಟೇ.

ಮಳೆಗಿಂತ ಮುಂಚೆ ಬರುವ ಆ ತಂಪು ಗಾಳಿ ಎಲ್ಲಿಂದ ಬರುತ್ತದೆ ಅಂತ ತಿಳಿದಾಗ ನನಗೆ ನಗು ಬಂತು. ಅದೂ ಕೂಲರ್‌ನದ್ದೇ ಕೆಲಸ. ಎತ್ತರದ ಮೋಡದಿಂದ ಬಿದ್ದ ಮಳೆ ಕೆಳಗಿನ ಒಣಗಾಳಿಯಲ್ಲಿ ಅರ್ಧ ದಾರಿಯಲ್ಲೇ ಆರುತ್ತದೆ. ಆರುವಾಗ ಸುತ್ತಲಿನ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಭಾರ, ಹಾಗಾಗಿ ದಬಕ್ಕನೆ ನೆಲಕ್ಕೆ ಬಿದ್ದು ನಾಲ್ಕೂ ದಿಕ್ಕಿಗೆ ಹರಡುತ್ತದೆ. ಧೂಳೆಬ್ಬಿಸುವುದು, ತಗಡು ಹಾರಿಸುವುದು, ಕೊಂಬೆ ಮುರಿಯುವುದು ಆ ಗಾಳಿಯೇ. ಅರ್ಧ ಗಂಟೆಯಲ್ಲಿ ಬಿಸಿ ಹತ್ತು ಡಿಗ್ರಿ ಇಳಿಯುವುದೂ ಅದರಿಂದಲೇ. ಗಾಳಿ ಒಣಗಿದ್ದಷ್ಟೂ ಈ ಏಟು ಜೋರು. ಕೇರಳದವರಿಗಿಂತ ನಮಗೆ ಮಳೆ ಕಮ್ಮಿ, ಧೂಳಗಾಳಿ ಜಾಸ್ತಿ ಯಾಕೆ ಅನ್ನುವುದಕ್ಕೆ ಇಲ್ಲಿ ಸ್ವಲ್ಪ ಉತ್ತರ ಇದೆ.

ಆ ಸಂಜೆ ಊರಿಗೆ ಊರೇ ಖುಷಿಯಾಗಿರುತ್ತದೆ. ಸೂಸಲಾ, ಮಿರ್ಚಿ ಬಂಡಿಯ ಮುಂದೆ ಜನ ಮುಗಿಬೀಳುತ್ತಾರೆ. "ಮಳಿ ಚಾಲೂ ಆಯ್ತು ನೋಡ್ರಿ, ಇನ್ನ ಬ್ಯಾಸಗಿ ಮುಗೀತು" ಅನ್ನುವ ಒಬ್ಬ ಗಿರಾಕಿ ಅಲ್ಲಿ ಇದ್ದೇ ಇರುತ್ತಾನೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಬಿಸಿಲು ಮತ್ತೆ ಹಾಜರ್, ಮೇಲೆ ಕುದಿ ಬೇರೆ.

ನನಗೆ ಈಗೀಗ ಅನಿಸುವುದು ಇಷ್ಟು. ಗುಡುಗನ್ನು ನಾವು ಬೇಸಿಗೆಯ ವೈರಿ ಅಂದುಕೊಂಡಿದ್ದೇವೆ. ಅದು ಬೇಸಿಗೆಯ ಮನೆಯವನೇ. ನೆಲ ಕಾದು ಗಾಳಿ ಮೇಲೇರದಿದ್ದರೆ ಆ ಮೋಡ ಕಟ್ಟುವುದೇ ಇಲ್ಲ. ಏಪ್ರಿಲ್, ಮೇನಲ್ಲಿ ವಿದರ್ಭ, ಮರಾಠವಾಡದಿಂದ ಶುರುವಾಗಿ ಕರ್ನಾಟಕದ ಒಳನಾಡಿನ ಮೇಲೆ ಹಾದುಹೋಗುವ ಕಮ್ಮಿ ಒತ್ತಡದ ಪಟ್ಟಿಯೊಂದು ಆಗಾಗ ಕಾಣಿಸಿಕೊಳ್ಳುತ್ತದೆ. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಅದರ ಹೆಸರು ಬರುತ್ತಲೇ ಇರುತ್ತದೆ. ಒಂದು ಕಡೆ ವಾಯವ್ಯದ ಒಣಗಾಳಿ, ಇನ್ನೊಂದು ಕಡೆ ಸಮುದ್ರದ ತೇವದ ಗಾಳಿ. ಎರಡೂ ಸೇರುವ ಜಾಗದಲ್ಲಿ ಮಧ್ಯಾಹ್ನದ ಕಾವು ಸಿಕ್ಕರೆ ಮೋಡ ಹತ್ತು ಹನ್ನೆರಡು ಕಿಲೋಮೀಟರ್ ಮೇಲಕ್ಕೆ ಏರುತ್ತದೆ. ಕಾವು ಎಷ್ಟು ಜೋರೋ ಗುಡುಗೂ ಅಷ್ಟು ಜೋರು. ಜೂನ್ ಕೊನೆಗೆ ನೆಲ ತಣ್ಣಗಾದ ಮೇಲೆ ಮಳೆ ಇರುತ್ತದೆ, ಗುಡುಗು ಅಪರೂಪ. ನಿಜವಾದ ತಂಪು ಬಂದಾಗ ಸದ್ದು ಇರುವುದಿಲ್ಲ, ಅದಕ್ಕೇ ಅದನ್ನು ಯಾರೂ ಹಬ್ಬ ಮಾಡುವುದಿಲ್ಲ.

ಇದನ್ನು ನನಗಿಂತ ಮೊದಲು ತಿಳಿದವನು ನಮ್ಮ ಕಾಕಾ. ಜೇವರ್ಗಿ ತಾಲ್ಲೂಕಿನಲ್ಲಿ ಅವನದು ಎರೆ ಹೊಲ, ಅಂದರೆ ಕರಿ ಮಣ್ಣಿನದು. ಏಪ್ರಿಲ್‌ನಲ್ಲಿ ಜೋರು ಮಳೆಯಾದ ರಾತ್ರಿ ನಾನು ಖುಷಿಯಿಂದ ಫೋನ್ ಮಾಡಿದರೆ ಅವನ ದನಿಯಲ್ಲಿ ಖುಷಿ ಇರುವುದಿಲ್ಲ. "ಧೂಳ ಅಡಗಸಾಕ ಬಂದಿತ್ತು, ಹೋಯ್ತು" ಅನ್ನುತ್ತಾನೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಟ್ಟಿರುತ್ತದೆ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೆಟೆದು ಸೀಳುತ್ತದೆ. ಕೆಲವು ಬಿರುಕಿನಲ್ಲಿ ನನ್ನ ಕೈ ಮೊಣಕೈವರೆಗೂ ಹೋಗುತ್ತದೆ, ಒಳಗೆ ಬೆರಳಿಗೆ ತಂಪು ತಾಗುತ್ತದೆ. ಮೊದಲ ಅಡ್ಡಮಳೆಯ ನೀರೆಲ್ಲ ಈ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಮೇಲೆ ಎರಡು ಬೆರಳು ಹಸಿ, ಕೆಳಗೆ ಒಣ. ಅದನ್ನು ನಂಬಿ ಬಿತ್ತಿದವನು ಕೆಟ್ಟ.

ನಷ್ಟದ ಲೆಕ್ಕ ಬೇರೆ. ಮಾರ್ಚ್‌ನಲ್ಲಿ ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ, ಇಲ್ಲವೇ ರಾಶಿಗೆ ಬಂದಿರುತ್ತದೆ. ಒಂದು ಮಳೆ ಬಿದ್ದರೆ ಕಾಳು ಕಪ್ಪಾಗುತ್ತದೆ, ರೇಟು ಅರ್ಧಕ್ಕೆ ಬೀಳುತ್ತದೆ. ಆಲಿಕಲ್ಲು ಬಿದ್ದರಂತೂ ಮುಗಿಯಿತು. 2014ರ ಫೆಬ್ರುವರಿ, ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಜೊತೆ ಉತ್ತರ ಕರ್ನಾಟಕದ ಕೆಲವು ಕಡೆಯೂ ಬಿದ್ದ ಆಲಿಕಲ್ಲು ಮಳೆಯನ್ನು ದ್ರಾಕ್ಷಿ ಬೆಳೆದವರು ಇನ್ನೂ ಮರೆತಿಲ್ಲ. ಹಳೆ ಗಾದೆಗಳಿಗೂ ಈ ಗುಮಾನಿ ಇತ್ತು. ಅಶ್ವಿನಿ ಸಸ್ಯನಾಶಿನಿ ಅಂದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಲೂ ಅಂದರು. ಮಳೆ ನಕ್ಷತ್ರಗಳಲ್ಲಿ ಅಶ್ವಿನಿ ಏಪ್ರಿಲ್ ಮಧ್ಯದ್ದು, ಭರಣಿ ಏಪ್ರಿಲ್ ಕೊನೆಯದ್ದು. ಹದಿನಾಲ್ಕು ದಿನ ಆಚೀಚೆ ಆದರೆ ಅದೇ ಮಳೆ ಶಾಪದಿಂದ ವರವಾಗುತ್ತದೆ. ಮೇ 25ರ ಸುಮಾರಿಗೆ ಕೂಡುವ ರೋಹಿಣಿಗೂ ಒಂದು ಗಾದೆ ಇದೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತ. ನಮ್ಮ ಕಡೆ ಈಗ ಜೋಳ ಹೆಚ್ಚಾಗಿ ಹಿಂಗಾರಿಗೆ ಹೋಗಿದೆ. ಮುಂಗಾರು ಅಂದರೆ ತೊಗರಿ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಗಾದೆ ಮಾತ್ರ ಜೋಳದಲ್ಲೇ ನಿಂತಿದೆ.

ಸಿಡಿಲಿನ ಮಾತು ಬಿಟ್ಟರೆ ಈ ಬರಹ ಪೂರ್ತಿ ಆಗುವುದಿಲ್ಲ. ಏಪ್ರಿಲ್, ಮೇನಲ್ಲಿ ಪೇಪರಿನ ಒಳಪುಟ ತೆರೆದರೆ ಕಲಬುರಗಿ, ಯಾದಗಿರಿ, ಬೀದರ್‌ನ ಯಾವುದಾದರೂ ಹಳ್ಳಿಯ ಹೆಸರು ಇರುತ್ತದೆ. ಕುರಿ ಕಾಯುವವರು, ಹೊಲದ ಕೂಲಿಯವರು, ಎತ್ತು ಕಟ್ಟಲು ಹೋದವರು. ಸುದ್ದಿಯಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ, "ಮಳೆಯಿಂದ ರಕ್ಷಣೆಗೆ ಮರದ ಕೆಳಗೆ ನಿಂತಿದ್ದಾಗ". ನಮ್ಮ ಬಯಲನ್ನು ನೋಡಿದವರಿಗೆ ಇದು ಯಾಕೆ ಅಂತ ಗೊತ್ತಾಗುತ್ತದೆ. ಕಣ್ಣು ಹಾಯಿಸಿದಷ್ಟೂ ಬರೀ ಕರಿ ನೆಲ, ನಡುವೆ ಒಂದು ಬೇವು, ಇಲ್ಲವೇ ಒಂದು ಹುಣಸೆ. ಮಧ್ಯಾಹ್ನ ಹನ್ನೆರಡಕ್ಕೆ ಬುತ್ತಿ ಬಿಚ್ಚುವುದು ಅದರ ಕೆಳಗೆ, ಎರಡಕ್ಕೆ ಕಣ್ಣು ಮುಚ್ಚುವುದು ಅದರ ಕೆಳಗೆ. ನಾಲ್ಕಕ್ಕೆ ಗುಡುಗಿದರೆ ಓಡಿ ಹೋಗುವುದೂ ಅಲ್ಲಿಗೇ. ಬಿಸಿಲಿನಲ್ಲಿ ಜೀವ ಉಳಿಸಿದ ಮರ ಆಗ ಆ ಬಯಲಿನ ಅತಿ ಎತ್ತರದ ವಸ್ತು. ಸಿಡಿಲು ಮರಕ್ಕೆ ಬಡಿದು ಪಕ್ಕದವರಿಗೆ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲೂ ಹರಿಯುತ್ತದೆ. ಮುಂಗಾಲು, ಹಿಂಗಾಲಿನ ನಡುವೆ ಅಂತರ ಇರುವುದರಿಂದ ಎತ್ತು, ಎಮ್ಮೆ, ಕುರಿಗಳಿಗೆ ಇದು ಇನ್ನೂ ಜಾಸ್ತಿ ತಾಗುತ್ತದೆ. ಒಂದೇ ಮರದ ಕೆಳಗೆ ಹಿಂಡಿಗೆ ಹಿಂಡೇ ಸತ್ತು ಬಿದ್ದ ಫೋಟೊಗಳನ್ನು ನೋಡಿದ್ದೀರಲ್ವಾ?

ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ ಅಂತಲೇ ಲೆಕ್ಕ. ಪಕ್ಕಾ ಕಟ್ಟಡ ಅಥವಾ ಮುಚ್ಚಿದ ಗಾಡಿಯೇ ಒಳ್ಳೆಯದು, ಅದೂ ಇಲ್ಲದಿದ್ದರೆ ಮರ ಬಿಟ್ಟು ದೂರ, ತಗ್ಗಿನಲ್ಲಿ, ಎರಡೂ ಕಾಲು ಜೋಡಿಸಿ ಕುಕ್ಕುರುಗಾಲಲ್ಲಿ ಕೂರಬೇಕು. ತೊಯ್ಯುತ್ತೀರಿ, ತೊಯ್ಯಿರಿ. ಇನ್ನೊಂದು ಮಾತು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅಂತ ದೂರ ನಿಲ್ಲುವವರನ್ನು ನಾನೇ ನೋಡಿದ್ದೇನೆ. ಅದು ಸುಳ್ಳು. ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ಆ ಕ್ಷಣವೇ ಎದೆ ಒತ್ತಲು ಶುರು ಮಾಡಿದರೆ ಉಳಿಯುವ ಸಾಧ್ಯತೆ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ 'ದಾಮಿನಿ' ಆ್ಯಪ್ ಎರಡೂ ಫೋನ್‌ನಲ್ಲಿ ಬಿಟ್ಟಿ ಸಿಗುತ್ತವೆ. ಕಾಕಾನ ಫೋನ್‌ಗೆ ನಾನೇ ಹಾಕಿಕೊಟ್ಟೆ. ಅವನು ಫೋನನ್ನು ಮನೆಯಲ್ಲೇ ಚಾರ್ಜಿಗೆ ಇಟ್ಟು ಹೊಲಕ್ಕೆ ಹೋಗುತ್ತಾನೆ.

ಮೇ ಕೊನೆಯ ವಾರಗಳು ಎಲ್ಲಿಗೂ ಸೇರದ ವಾರಗಳು. ಬಿಸಿಲು ಪೂರ್ತಿ ಹೋಗಿರುವುದಿಲ್ಲ, ಮಳೆ ಬಂದಿರುವುದಿಲ್ಲ. ಟಿವಿಯಲ್ಲಿ ಕೇರಳದ ಸಮುದ್ರ ತೋರಿಸುತ್ತಾರೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಕೆಲವೇ ದಿನಗಳಲ್ಲಿ ಕರ್ನಾಟಕವನ್ನೂ ಹತ್ತಿತು. ನಾವೆಲ್ಲ ರೋಹಿಣಿಯಲ್ಲೇ ಛತ್ರಿ ಹುಡುಕಿದೆವು. ಆಮೇಲೆ ಅದು ಜೂನ್ ಮಧ್ಯದವರೆಗೆ ನಿಂತಲ್ಲೇ ನಿಂತಿತು. 2023ರಲ್ಲಿ ಉಲ್ಟಾ, ಕೇರಳಕ್ಕೆ ಬಂದಿದ್ದೇ ಜೂನ್ 8ಕ್ಕೆ. ಆ ವರ್ಷ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ಕೇರಳದ ತಾರೀಖು ನೋಡಿ ನಮ್ಮ ಹೊಲದ ಹಣೆಬರಹ ಹೇಳಲು ಆಗುವುದಿಲ್ಲ ಅನ್ನುವುದು ನನಗೆ ಈ ಎರಡು ವರ್ಷಗಳಿಂದ ಖಾತ್ರಿಯಾಗಿದೆ.

ಕಾಕಾನಿಗೆ ಬೇಕಾದ ತಾರೀಖು ಒಂದೇ, ಮಿರಗ. ಜೂನ್ 7 ಅಥವಾ 8ಕ್ಕೆ ಮೃಗಶಿರ ಕೂಡುತ್ತದೆ. ಅದರ ಆಚೀಚೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಾಳಿಯ ದಿಕ್ಕು ಬದಲಾಗಿರುತ್ತದೆ. ಪಡುವಣ ಗಾಳಿ ಹಗಲೂ ರಾತ್ರಿ ಒಂದೇ ಸಮನೆ ಬೀಸುತ್ತದೆ. ಬಾಗಿಲುಗಳು ತಾವಾಗಿ ಬಡಿದುಕೊಳ್ಳುತ್ತವೆ. ಮೋಡ ಎತ್ತರಕ್ಕೆ ಏರದೆ ಬೂದಿ ಬಣ್ಣದಲ್ಲಿ ಕೆಳಗೇ ಓಡುತ್ತದೆ. ರಾತ್ರಿ ಯಾವಾಗಲೋ ಜಿಟಿಜಿಟಿ ಬಿದ್ದಿರುತ್ತದೆ, ಗೊತ್ತೂ ಆಗಿರುವುದಿಲ್ಲ. ಬದುವಿನ ಮೇಲೆ ಮಿರಗದ ಹುಳ ಕಾಣುತ್ತದೆ. ಕೆಂಪು ಮಖಮಲ್ಲಿನ ಮೈ, ಕಡಲೆ ಕಾಳಿನಷ್ಟೂ ಇರುವುದಿಲ್ಲ. ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತ ಹಾಗೆ ಬೀಳುತ್ತದೆ, ನಾವು ಉಸಿರು ಬಿಗಿಹಿಡಿದು ಕಾದರೆ ಮತ್ತೆ ನಡೆಯುತ್ತದೆ. ವರ್ಷದ ಬಹುಕಾಲ ಮಣ್ಣೊಳಗೇ ಇದ್ದು, ಮೊದಲ ಒಳ್ಳೆಯ ಮಳೆಗೆ ಗೆದ್ದಲು ತಿನ್ನಲು ಮೇಲೆ ಬರುವ ಜೀವ ಅದು. ಮಣ್ಣು ಎಷ್ಟು ಆಳ ನೆನೆದಿದೆ ಅನ್ನುವುದಕ್ಕೆ ಆ ಹುಳಕ್ಕಿಂತ ದೊಡ್ಡ ಸಾಕ್ಷಿ ಬೇಡ ಅಂತ ಕಾಕಾ ಹೇಳುತ್ತಾನೆ. ಆದರೂ ಕೈಯಿಂದ ಒಂದು ಹೆಂಟೆ ಒಡೆದು, ಮುಷ್ಟಿಯಲ್ಲಿ ಉಂಡೆ ಕಟ್ಟಿ ನೋಡಿದ ಮೇಲೆಯೇ ಕೂರಿಗೆ ಹೊರಗೆ ತೆಗೆಯುತ್ತಾನೆ.

ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬೀಳುತ್ತದೆ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಷ್ಟೊತ್ತಿಗೆ ಮಾಳಿಗೆಯ ಹಾಸಿಗೆ ಕೆಳಗೆ ಬಂದಿರುತ್ತದೆ, ಕೌದಿ ಪೆಟ್ಟಿಗೆಯಿಂದ ಹೊರಗೆ ಬಂದಿರುತ್ತದೆ. ಮೇನಲ್ಲಿ 40 ದಾಟುವ ಹಗಲು ಜುಲೈಗೆ 32ರ ಸುಮಾರು. ನನ್ನ ಪ್ರಕಾರ ಕಲಬುರಗಿಯಲ್ಲಿ ಇರಬೇಕಾದ ತಿಂಗಳು ಜುಲೈ. ಸಂಜೆ ಅಪ್ಪನ ಕೆರೆಯ ದಂಡೆಯ ಮೇಲೆ ನಡೆದರೆ ಗಾಳಿ ಎದುರಿಂದ ತಳ್ಳುತ್ತದೆ, ಮಾತಾಡಿದ್ದು ಪಕ್ಕದವರಿಗೆ ಕೇಳಿಸುವುದಿಲ್ಲ. ಹೊರಗಿನವರು ಈ ಊರಿನ ಹೆಸರು ಎತ್ತಿದರೆ ಬಿಸಿಲನ್ನೇ ಹೇಳುತ್ತಾರೆ. ಜುಲೈನಲ್ಲಿ ಬನ್ನಿ ಅಂತ ಕರೆದರೆ ಒಬ್ಬರೂ ಬರುವುದಿಲ್ಲ.

ತಂಪು ಬಂತು ಅಂದರೆ ಮಳೆ ಬಂತು ಅಂತಲ್ಲ, ಇದೊಂದು ತಕರಾರು ನಮ್ಮ ಕಡೆ ಇದ್ದೇ ಇದೆ. ಸಹ್ಯಾದ್ರಿ ದಾಟಿ ಬರುವಾಗ ಪಡುವಣ ಗಾಳಿ ತನ್ನ ನೀರನ್ನೆಲ್ಲ ಅಲ್ಲೇ ಇಳಿಸಿರುತ್ತದೆ. ನಮಗೆ ಉಳಿಯುವುದು ಮೋಡ, ಗಾಳಿ ಮತ್ತು ತುಂತುರು. ಜುಲೈನಲ್ಲಿ ಎಷ್ಟೋ ಸಲ ಮೇಲೆ ಮೋಡ ಓಡುತ್ತಿರುತ್ತದೆ, ಕೆಳಗೆ ತೊಗರಿ ಸಸಿ ಬಾಡುತ್ತಿರುತ್ತದೆ. ಪೇಟೆಯವನಾದ ನನಗೆ ಹಿತವಾದ ದಿನವೇ ಕಾಕಾನಿಗೆ ನಿದ್ದೆಗೆಡಿಸುವ ದಿನ. ಇದನ್ನು ಸರಿಮಾಡುವುದು ಹೇಗೆ ಅಂತ ನನಗೆ ತೋಚಿಲ್ಲ. ಜುಲೈ ಚೆನ್ನಾಗಿದೆ ಅಂತ ಅವನ ಮುಂದೆ ಹೇಳುವುದನ್ನು ಮಾತ್ರ ಬಿಟ್ಟಿದ್ದೇನೆ.

ನಮ್ಮ ದೊಡ್ಡ ಮಳೆ ಸೆಪ್ಟೆಂಬರ್‌ನದ್ದು. ಬಿಸಿಲು ಸ್ವಲ್ಪ ಮರಳಿ ಬರುತ್ತದೆ, ಗಾಳಿ ನಿಲ್ಲುತ್ತದೆ, ಗುಡುಗೂ ಹಿಂತಿರುಗುತ್ತದೆ. ಆದರೆ ಆಗ ನೆಲ ನೆನೆದಿರುತ್ತದೆ, ನೀರು ನಿಲ್ಲುತ್ತದೆ, ತೊಗರಿ ಬೇರು ಕೊಳೆಯುತ್ತದೆ. ಕೆಲವೊಮ್ಮೆ ಇದು ಅಕ್ಟೋಬರ್‌ಗೂ ಮುಂದುವರಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹರಿದಾಗ ಅಫಜಲಪುರದಿಂದ ಯಾದಗಿರಿವರೆಗೂ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಹೆಸರುಕಾಳು ಎಪ್ಪತ್ತು ದಿನದ ಬೆಳೆ, ಮಿರಗದಲ್ಲಿ ಬಿತ್ತಿದರೆ ಆಗಸ್ಟ್ ಕೊನೆಗೆ ಕೈಗೆ ಬರುತ್ತದೆ. ಆ ಹೊತ್ತಿಗೆ ಮಳೆ ಹಿಡಿದರೆ ಕಾಯಿಯಲ್ಲೇ ಮೊಳಕೆ ಒಡೆಯುತ್ತದೆ. ಅದಕ್ಕೇ ಈ ಸಲ ಹೆಸರು ಬೇಡ, ಪೂರಾ ತೊಗರಿಯೇ ಹಾಕುತ್ತೇನೆ ಅಂತ ಕಾಕಾ ಯುಗಾದಿಯಿಂದ ಹೇಳುತ್ತಿದ್ದಾನೆ. ನಿನ್ನೆ ಮಾತಾಡುವಾಗ ನೋಡಿದರೆ ಹೆಸರಿನ ಬೀಜವನ್ನೂ ತಂದಿಟ್ಟಿದ್ದಾನೆ. ಯಾಕೆ ಅಂದೆ. "ಇರಲಿ ಮನ್ಯಾಗ, ಮಿರಗ ಏನಂತದ ನೋಡೋಣು" ಅಂದ.